ಏಳು ಸಲ ಕೇಳಿದ ಕಾಗದ

ಫೆಬ್ರವರಿ ೩೦, ೨೧೪೬
ಗಡಿಮನೆ, ಕೃಷ್ಣೆಯ ಸೇತುವೆ

ಪೂಜ್ಯ ಮುತ್ತಜ್ಜಿಯವರಿಗೆ ನಿಮ್ಮ ಮರಿಮೊಮ್ಮಗಳು ರುದ್ರಾಂಬಳ ನಮಸ್ಕಾರಗಳು.

ತಾರೀಖು ತಪ್ಪಾಗಿ ಬರೆದಳೆಂದು ತಿಳಿಯಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನೀವು ಕೇಳಿರದ ಮಾತುಗಳು ನಡುವೆ ಬಂದರೆ ಮನ್ನಿಸಿ. ನೀವು ತಾಲ್ಲೂಕು ಕಚೇರಿಯಲ್ಲಿ ಕಿಟಕಿಯ ಹಿಂದೆ ಕೂತು ಅರ್ಜಿ ತೆಗೆದುಕೊಳ್ಳುತ್ತಿದ್ದಿರೆಂದು ಅಜ್ಜಿ ಹೇಳುತ್ತಿದ್ದಳು. ನಾನೂ ಅದೇ ಕೆಲಸದವಳು. ಮನೆಯಲ್ಲಿ ಯಾರ ಮುಂದೆಯೂ ಬಾಯಿಬಿಡಲಾಗದ್ದನ್ನು ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನದಿಯ ಈಚೆ ದಡ ನಮ್ಮ ರಾಜ್ಯ, ಆಚೆ ದಡ ಇನ್ನೊಂದು. ಜನ ಮಾತ್ರ ಬೆಳಿಗ್ಗೆ ಬಿಸಿಲುದೋಣಿ ಹತ್ತಿ, ಅಂದರೆ ಸೂರ್ಯನ ಬೆಳಕಿನಲ್ಲಿ ನಡೆಯುವ ದೋಣಿ, ಈಚೆ ಬಂದು ದುಡಿದು ಸಂಜೆ ಆಚೆ ಹೋಗುತ್ತಾರೆ. ಮಕ್ಕಳು ಒಂದು ದಡದಲ್ಲಿ ಹುಟ್ಟಿ ಇನ್ನೊಂದು ದಡದಲ್ಲಿ ಶಾಲೆ ಕಲಿಯುತ್ತಾರೆ. ಇಂಥವರಿಗೆ ಎರಡೂ ಸರ್ಕಾರಗಳ ಸೇವೆ ಒಂದೇ ಕಡೆ ಸಿಗಲೆಂದು ಕಟ್ಟಿದ ಕಚೇರಿಯೇ ಗಡಿಮನೆ. ಒಂದೇ ಹಜಾರ, ಎರಡು ಸಾಲು ಮೇಜು. ನನ್ನ ಮೇಜಿನಿಂದ ಆಚೆ ರಾಜ್ಯದ ಗುಮಾಸ್ತರ ಮೇಜಿಗೆ ಹನ್ನೆರಡು ಹೆಜ್ಜೆ.

ಎಂಟು ವರ್ಷದ ಹಿಂದೆ ಮಾಬಮ್ಮ ನನ್ನ ಮೇಜಿಗೆ ಬಂದಳು. ಆಚೆ ದಡದ ಸೊಸೆ, ಈಚೆ ಹತ್ತಿ ಗಿರಣಿಯಲ್ಲಿ ಕೆಲಸ. ಮಗಳು ನೂರಿಗೆ ಹುಟ್ಟಿನಿಂದ ಕಿವಿ ಕೇಳಿಸದು. ನಮ್ಮಲ್ಲಿ ಕಿವಿಬೀಜವೆಂಬುದಿದೆ. ಅಕ್ಕಿಕಾಳಿನಷ್ಟು ಗಾತ್ರದ್ದು, ಕಿವಿಯೊಳಗಿಟ್ಟರೆ ನರವಾಗಿ ಬೆಳೆಯುತ್ತದೆ. ಆದರೆ ನಾಲ್ಕು ವರ್ಷ ತುಂಬುವುದರೊಳಗೆ ಇಡಬೇಕು, ಆಮೇಲೆ ಬೇರು ಬಿಡುವುದಿಲ್ಲ. ನೂರಿಗೆ ಆಗ ಎರಡೂವರೆ.

ಜನನ ಪತ್ರ, ವಾಸದ ಪತ್ರ, ಕಿವಿ ಪರೀಕ್ಷೆಯ ವರದಿ ಮೂರನ್ನೂ ಕೊಟ್ಟಳು. ವರದಿ ಆಚೆ ದಡದ ಆಸ್ಪತ್ರೆಯದು, ನಮಗೆ ನಡೆಯದು ಎಂದೆ. ಈಚೆ ಮಾಡಿಸಿ ತರುವಷ್ಟರಲ್ಲಿ ವಾಸದ ಪತ್ರದ ತೊಂಬತ್ತು ದಿನದ ಅವಧಿ ಮುಗಿದಿತ್ತು. ಅದನ್ನು ಹೊಸದಾಗಿ ತಂದಾಗ ವರದಿ ಹಳೆಯದಾಗಿತ್ತು. ಪ್ರತಿ ಸಲ ಅರ್ಜಿ ಹೊಸದು, ಹಾಗಾಗಿ ಜನನ ಪತ್ರವೂ ಮತ್ತೆ ಬೇಕು.

"ಮೇಡಂ, ಇದ ಕಾಗದ ನಾಕ ಸಲ ಕೊಟ್ಟೀನ್ರಿ. ನಿಮ್ಮ ಕಡೆ ಇಲ್ಲೇನ್ರಿ?" ಎಂದು ಕೇಳಿದಳು.

"ಇದ್ರೂ ಅದು ಹಳೇ ಅರ್ಜಿದಮ್ಮ. ಹೊಸದು ತೊಗೊಂಡ್ ಬಾ" ಎಂದೆ. ತಲೆಯೆತ್ತಿ ಅವಳ ಮುಖವನ್ನೂ ನೋಡಲಿಲ್ಲ.

ಏಳನೆಯ ಸಲ ಎಲ್ಲವೂ ಸರಿಯಿತ್ತು. ನೂರಿಗೆ ನಾಲ್ಕು ತುಂಬಿ ಆರು ದಿನವಾಗಿತ್ತು. ಆಗುವುದಿಲ್ಲ ಎಂದು ಹೇಳಬೇಕಾಯಿತು. ಮಾಬಮ್ಮ ಕೂಗಾಡಲಿಲ್ಲ. "ಹಂಗಾದ್ರ ಈ ಕಾಗದ ನಾ ಒಯ್ಲೇನ್ರಿ?" ಎಂದಷ್ಟೇ ಕೇಳಿ ಜೋಡಿಸಿಕೊಂಡು ಹೋದಳು.

ಅಂದು ನಮ್ಮಲ್ಲಿ ಉಳಿದಿದ್ದ ನಕಲುಗಳನ್ನು ತೆಗೆದು ನೋಡಿದೆ. ಏಳೂ ಜನನ ಪತ್ರಗಳಲ್ಲಿ ಒಂದಕ್ಷರದ ವ್ಯತ್ಯಾಸವಿರಲಿಲ್ಲ. ಎರಡೂ ಆಸ್ಪತ್ರೆಗಳ ಯಂತ್ರ ಒಂದೇ, ಫಲಿತಾಂಶವೂ ಒಂದೇ. ಮೊದಲ ದಿನವೇ ಹನ್ನೆರಡು ಹೆಜ್ಜೆ ನಡೆದು ಆಚೆಯ ಗುಮಾಸ್ತರನ್ನು ಕೇಳಿದ್ದರೆ ಮುಗಿಯುತ್ತಿತ್ತು. ನಡೆಯಲಿಲ್ಲ. ನಿಯಮ ಅಡ್ಡವಿತ್ತೆಂದು ಎಲ್ಲರಿಗೂ ಹೇಳಿದೆ. ನಿಜವೇನೆಂದರೆ, ನಾಳೆ ಹೆಚ್ಚುಕಮ್ಮಿಯಾದರೆ ಹೊಣೆ ನನ್ನ ಮೇಲೆ ಬಂದೀತೆಂದು ಹೆದರಿದ್ದೆ.

ವಾರ ಕಳೆದು ಅವಳ ಮನೆಗೆ ಹೋಗಿ ಕ್ಷಮೆ ಕೇಳಿದೆ. ಕುಡಿಯಲು ನೀರು ಕೊಟ್ಟಳು.

"ಮಾಫಿ ತೊಗೊಂಡು ನಾ ಏನ್ ಮಾಡ್ಲಿ? ನಾಳೆ ಇನ್ನೊಬ್ಬಾಕಿ ಬರ್ತಾಳ. ಆಕೀನ ಹಿಂಗ ಓಡಾಡಸಬ್ಯಾಡ್ರಿ."

ನಾಚಿಕೆಯಿಂದಲೇ ಕೆಲಸ ಶುರುವಾಯಿತು. ಒಬ್ಬರ ಕಾಗದವನ್ನು ಇನ್ನೊಬ್ಬರು ಒಪ್ಪಲೆಂದು ಎರಡೂ ರಾಜ್ಯದ ಅಧಿಕಾರಿಗಳನ್ನು ಕೂಡಿಸಿದೆ. ನಮ್ಮದೇ ಸರಿ ಎಂದು ಎರಡೂ ಕಡೆಯವರು ಹೇಳಿ, ಚಹಾ ಕುಡಿದು ಎದ್ದುಹೋದರು. ಎರಡನೆಯ ಸಲ ಗುಮಾಸ್ತರನ್ನು, ವೈದ್ಯರನ್ನು, ನಾವು ಅಲೆದಾಡಿಸಿದ ತಾಯಂದಿರನ್ನೂ ಕರೆದೆ. ಮಾಬಮ್ಮ ತನ್ನ ಏಳು ಕಟ್ಟುಗಳನ್ನು ಜಮಖಾನದ ಮೇಲೆ ಹರವಿ, "ನಿಮ್ಮ ಹತ್ರ ಇಲ್ಲದ್ದು ಇದರಾಗ ಯಾವದೈತಿ, ತೊಗೋರಿ" ಎಂದಳು. ಒಬ್ಬರ ಕೈಯೂ ಮುಂದೆ ಬರಲಿಲ್ಲ.

ಆಮೇಲೆ ಎರಡು ವರ್ಷ ಹಿಡಿಯಿತು. ಈಗ ನಮ್ಮಲ್ಲಿ ಒಂದೇಕೇಳ್ವಿ ಎಂಬ ಕಟ್ಟಳೆಯಿದೆ. ಒಂದು ದಡದಲ್ಲಿ ಕೊಟ್ಟದ್ದನ್ನು ಇನ್ನೊಂದು ದಡದವರು ಮತ್ತೆ ಕೇಳುವಂತಿಲ್ಲ. ಕೊಟ್ಟವರ ಒಪ್ಪಿಗೆ ಪಡೆದು ತಾವೇ ತರಿಸಿಕೊಳ್ಳಬೇಕು. ಕಿವಿಬೀಜದ ಅರ್ಜಿ ಒಂಬತ್ತು ದಿನಕ್ಕೆ ಮುಗಿಯುತ್ತದೆ. ಅದಕ್ಕಾಗಿ ನನಗೆ ಸನ್ಮಾನವಾಯಿತು. ಶಾಲು ಹೊದಿಸುವಾಗ ಮಾಬಮ್ಮ ಹಿಂದಿನ ಸಾಲಿನಲ್ಲಿದ್ದಳು. ಅವಳ ಹೆಸರನ್ನು ನಾನು ಹೇಳಲಿಲ್ಲ. ಇದನ್ನೂ ಬರೆದುಬಿಡುತ್ತೇನೆ.

ನೂರಿಗೆ ಈಗ ಹತ್ತು ದಾಟಿದೆ. ಕೈಮಾತಿನಲ್ಲಿ ಚುರುಕು, ಲೆಕ್ಕದಲ್ಲಿ ತರಗತಿಗೇ ಮೊದಲು. ಅವಳಿಗೇನು ಕೊರತೆ ಎಂದು ಜನ ನನ್ನನ್ನು ಸಮಾಧಾನಪಡಿಸುತ್ತಾರೆ. ಕೊರತೆಯಿಲ್ಲ, ನಿಜ. ಆದರೆ ಬೀಜ ಇಡಿಸಬೇಕೋ ಬೇಡವೋ ಎಂಬುದನ್ನು ಅವಳ ತಾಯಿ ತೀರ್ಮಾನಿಸಿದ್ದಳು. ಅದನ್ನು ಕಿತ್ತುಕೊಂಡವಳು ನಾನು. ಕಳೆದ ತಿಂಗಳು ನೂರಿ ಕಚೇರಿಗೆ ಬಂದು ಹಾಳೆಯ ಮೇಲೆ ಬರೆದು ಮುಂದಿಟ್ಟಳು: "ನಮ್ಮವ್ವನ್ನ ಏಳ ಸಲ ಯಾಕ ಕೇಳಿದ್ರಿ?" ನಾನಿನ್ನೂ ಉತ್ತರ ಬರೆದಿಲ್ಲ.

ಮುತ್ತಜ್ಜಿ, ನಿಮಗೆ ಉಪದೇಶ ಹೇಳುವ ಯೋಗ್ಯತೆ ನನಗಿಲ್ಲ, ಒಂದು ಬೇಡಿಕೆಯಿದೆ. ನಿಮ್ಮ ಕಿಟಕಿಗೆ ಯಾರಾದರೂ ಎರಡನೆಯ ಸಲ ಬಂದರೆ, ಕಾಗದ ಕೇಳುವ ಮೊದಲು ಅವರ ಮುಖ ನೋಡಿ.

ನಿಮ್ಮ
ರುದ್ರಾಂಬ