ಕೈ ಅಡ್ಡ ಹಾಕಿದರೂ ನಿಲ್ಲದ ಗಾಡಿ

೧೪ ಅಕ್ಟೋಬರ್ ೨೦೨೪, ಸೋಮವಾರ. ಬೆಳಿಗ್ಗೆ ೯

ಇವತ್ತೂ ಅದೇ. ಮೆಹನಾಜ್ ನಾಲ್ಕು ಗಂಟೆಗೇ ಕೆಲಸಕ್ಕೆ ಹೋಗಿದ್ದಾಳೆ. ಟೇಬಲ್ ಮೇಲೆ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಪಕ್ಕದಲ್ಲಿ ಟ್ರಾಮಿನ ಪಾಸು. ತಿನ್ನು, ಊರು ಸುತ್ತು ಎಂದು ಅರ್ಥ. ಮಗಳ ಮನೆಗೆ ಬಂದು ಆರು ದಿನವಾಯಿತು. ಜರ್ಮನಿ, ಲೈಪ್ಜಿಗ್ ಎಂಬ ಊರು.

ಆರು ದಿನವೂ ಸುತ್ತಿದೆ. ಹಳಿ ಮೇಲೆ ಓಡುವ ಈ ಟ್ರಾಮಿನಲ್ಲಿ ಕಂಡಕ್ಟರ್ ಇಲ್ಲ. ಬೆಲ್ ಹೊಡೆಯುವವನಿಲ್ಲ, ರೈಟ್ ಅನ್ನುವವನಿಲ್ಲ. ಬಾಗಿಲಿಗೂ ನಾವೇ ಗುಂಡಿ ಒತ್ತಬೇಕಂತೆ. ಮೊದಲ ದಿನ ಗೊತ್ತಾಗದೆ ಬಾಗಿಲ ಮುಂದೆ ನಿಂತೇ ಇದ್ದೆ, ಗಾಡಿ ಹೊರಟು ಹೋಯಿತು. ಒಳಗಿನವರು ಗಾಜಿನಿಂದ ನೋಡುತ್ತಿದ್ದರು. ಒಬ್ಬನೂ ಕೈ ಎತ್ತಲಿಲ್ಲ.

ನಿನ್ನೆ ಟ್ರಾಮಿನಲ್ಲಿ ಕೂತು ಜಾಹೇದಾ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಎದುರಿಗಿದ್ದವನು ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ನನ್ನ ಹೆಂಡತಿ ಜೊತೆ ನಾನು ಮಾತಾಡಿದರೆ ಇವನದ್ದೇನು? ಅವಳಿಗೆ ಮಂಡಿ ನೋವು, ಬಂದಿಲ್ಲ. ಬಾರದಿದ್ದದ್ದೇ ಒಳ್ಳೆಯದಾಯಿತು.

ಮೂವತ್ತೊಂದು ವರ್ಷ ಕಡೂರು–ಬೀರೂರು–ಅಜ್ಜಂಪುರ ಪ್ರೈವೇಟ್ ಬಸ್ ಓಡಿಸಿದವನು ನಾನು. ಬಸ್ಸೆಂದರೆ ಗಲಾಟೆ ಇರಬೇಕು. ಇದು ಮೈಯತ್ತಿನ ಮನೆ, ಸಾವಿನ ಮನೆ ಇದ್ದ ಹಾಗಿದೆ.

೧೬ ಅಕ್ಟೋಬರ್, ಬುಧವಾರ. ಮಧ್ಯಾಹ್ನ ೨

ಒದ್ದೆ ಅಂಗಿಯಲ್ಲೇ ಬರೆಯಲು ಕೂತಿದ್ದೇನೆ.

ಮಳೆ ಬರುತ್ತಿತ್ತು. ಸ್ಟಾಪಿಗೆ ಇನ್ನೂ ಐವತ್ತು ಹೆಜ್ಜೆ. ಹಿಂದಿನಿಂದ ನಾಲ್ಕನೇ ನಂಬರ್ ಟ್ರಾಮ್ ಬಂತು. ರಸ್ತೆ ಅಂಚಿಗೆ ಹೋಗಿ ಕೈ ಅಡ್ಡ ಹಾಕಿದೆ. ನಮ್ಮ ಕಡೆ ಹೊಲದ ಬದುವಿನಲ್ಲಿ ನಿಂತು ಕೈ ಹಾಕಿದರೂ ನಿಲ್ಲಿಸಬೇಕು. ನಾನು ಹಾಗೇ ಓಡಿಸಿದವನು. ಹುಲ್ಲಿನ ಹೊರೆಯವರು, ಬಸುರಿಯರು, ಕುಡಿದವರು... ಒಬ್ಬರನ್ನೂ ಬಿಟ್ಟು ಹೋಗಿಲ್ಲ.

ಟಿಣ್ ಟಿಣ್ ಎಂದು ಬೆಲ್ ಹೊಡೆದು ಗಾಡಿ ಮುಂದೆ ಹೋಯಿತು. ಡ್ರೈವರ್ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಹೆಂಗಸು. ನೀಲಿ ಕೋಟು.

ನನ್ನ ಮಗಳು.

ಅದೇ ದಿನ, ರಾತ್ರಿ ೮

ನಮ್ಮ ಮನೆಯಲ್ಲಿ ಆಡುವ ಮಾತು ಬೇರೆ. ನನಗೆ ಬರೆಯಲು ಬರುವುದು ಕನ್ನಡ ಒಂದೇ, ಅದೂ ಐದನೇ ಕ್ಲಾಸಿನ ತನಕದ್ದು. ಆಡಿದ್ದನ್ನೆಲ್ಲ ಕನ್ನಡದಲ್ಲೇ ಬರೆಯುತ್ತೇನೆ.

"ಆಫೀಸಲ್ಲಿ ಕೆಲ್ಸ ಅಂದಿದ್ದೆ" ಎಂದೆ.

"ಟ್ರಾನ್ಸ್‌ಪೋರ್ಟಲ್ಲಿ ಅಂದಿದ್ದೆ ಅಬ್ಬಾ. ಆಫೀಸು ನೀನೇ ಸೇರಿಸ್ಕೊಂಡಿದ್ದು."

ಸೇರಿಸಿಕೊಂಡಿದ್ದು ನಿಜ. ಕಡೂರು ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಮಗಳು ದೊಡ್ಡ ಆಫೀಸರ್ ಎಂದು ಹೇಳಿದ್ದೇನೆ. ಮುದುಕರನ್ನು ನೋಡಿಕೊಳ್ಳುವ ನರ್ಸ್ ಎಂದು ಬಂದವಳು. ಆ ಕೆಲಸ ಬಿಟ್ಟು, ಇವರ ಭಾಷೆ ಕಲಿತು, ಲೈಸೆನ್ಸ್ ಮಾಡಿಸಿ ಎರಡು ವರ್ಷವಾಗಿದೆಯಂತೆ.

"ಮಳೇಲಿ ಅಪ್ಪ ಕೈ ಅಡ್ಡ ಹಾಕಿ ನಿಂತವ್ನೆ. ಕಣ್ಣು ಕಾಣ್ಲಿಲ್ವಾ?"

"ಕಾಣ್ತು. ಸ್ಟಾಪ್ ಮುಂದಿತ್ತು, ನಡೀಬೇಕಿತ್ತು."

"ತಹಶೀಲ್ದಾರ್ ಕೈ ಹಾಕಿದ್ರೂ ಹಿಂಗೇನಾ?"

"ಯಾರ್ ಹಾಕಿದ್ರೂ ಹಿಂಗೇ. ನಿನ್ ಬಸ್ಸಲ್ಲ ಇದು."

ಹೆಣ್ಣು ಹುಡುಗಿ ಸ್ಟೇರಿಂಗ್ ಹಿಡಿದು ಬೀದಿಯಲ್ಲಿ ಕೂತರೆ ಮರ್ಯಾದೆ ಏನು ಉಳಿಯಿತು ಎಂದು ಬೈದೆ. ಇದಕ್ಕೆ ಸ್ಟೇರಿಂಗ್ ಇಲ್ಲ ಎಂದಳು. ಆಮೇಲೆ ತಟ್ಟೆ ತೊಳೆಯುತ್ತಾ, ನನ್ನ ಕಡೆ ತಿರುಗದೆ ಹೇಳಿದಳು.

"ಹದಿನಾರು ವರ್ಷ ನಂಗೆ. ಅಜ್ಜಂಪುರದಲ್ಲಿ ಗಾಡಿ ಖಾಲಿ ನಿಂತಿತ್ತು. ಒಂದ್ಸಲ ಕಲಿಸು ಅಬ್ಬಾ ಅಂದೆ. ಏನ್ ಕೊಟ್ಟೆ, ನೆನಪೈತಾ?"

ನೆನಪಿದೆ. ಕಪಾಳಕ್ಕೆ ಕೊಟ್ಟೆ. ಕಂಡಕ್ಟರ್ ಟೀ ಕುಡಿಯಲು ಹೋಗಿದ್ದ, ಯಾರೂ ನೋಡಲಿಲ್ಲ. ಮರ್ಯಾದೆ ಹೋಗುವ ಮಾತೇ ಇರಲಿಲ್ಲ. ಆದರೂ ಕೊಟ್ಟೆ.

ಅದನ್ನು ಅವಳಿಗೆ ಹೇಳಲಿಲ್ಲ. "ಈ ಕೆಲ್ಸ ಬಿಡು. ಇಲ್ಲಾಂದ್ರೆ ನಾನು ಊರಿಗೆ ಹೋದ್ಮೇಲೆ ಫೋನ್ ಮಾಡ್ಬೇಡ. ಅಪ್ಪ ಇಲ್ಲ ಅನ್ಕೋ" ಎಂದೆ.

"ಸರಿ" ಎಂದಳು.

ಅಷ್ಟೇ. ಅಳಲಿಲ್ಲ, ಕೂಗಲಿಲ್ಲ.

೧೭ ಅಕ್ಟೋಬರ್, ಗುರುವಾರ

ಜಾಹೇದಾಗೆ ಫೋನ್ ಮಾಡಿದೆ. ನಿನ್ನ ಮಗಳು ಏನು ಕೆಲಸ ಮಾಡುತ್ತಾಳೆ ಗೊತ್ತೇ ಎಂದೆ.

"ಗೊತ್ತು. ಎರಡು ವರ್ಷದಿಂದ ಗೊತ್ತು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನ್ಮಾಡ್ತಿದ್ದೆ? ಈಗ ಮಾಡ್ತಿದೀಯಲ್ಲ, ಇದೇ. ಎರಡು ವರ್ಷ ಆರಾಮಾಗಿದ್ವಿ."

ಫೋನ್ ಕಟ್ ಮಾಡಿದೆ. ತಾಯಿ ಮಗಳು ಸೇರಿ ನನ್ನನ್ನು ಪೆದ್ದ ಮಾಡಿದ್ದಾರೆ.

೨೪ ಅಕ್ಟೋಬರ್, ಗುರುವಾರ. ರಾತ್ರಿ

ಒಂದು ವಾರ ಬರೆಯಲಿಲ್ಲ. ಬರೆಯಲು ಏನಿದೆ? ಮಾತಿಲ್ಲ. ಅನ್ನ ಮಾಡಿ ಮುಚ್ಚಿಟ್ಟು ಹೋಗುತ್ತಾಳೆ, ತಿನ್ನುತ್ತೇನೆ.

ನಾಲ್ಕನೇ ನಂಬರ್ ಬಂದರೆ ಹತ್ತುವುದಿಲ್ಲ. ಅವಳೇ ಇರಲಿ, ಬೇರೆಯವರಿರಲಿ. ಇನ್ನೊಂದು ಲೈನಿನ ತನಕ ನಡೆಯುತ್ತೇನೆ, ಇಪ್ಪತ್ತು ನಿಮಿಷ. ಆ ಲೈನಿನವನೊಬ್ಬ ಇವತ್ತು ಬ್ರೇಕ್ ಒತ್ತಿದ ರೀತಿಗೆ ಮುಗ್ಗರಿಸಿ ಬಿದ್ದೆ. ಮೊಣಕೈ ತರಚಿತು. ನಾಯಿ ಹಿಡಿದುಕೊಂಡಿದ್ದ ಒಬ್ಬ ಹೆಂಗಸು ಎತ್ತಿದಳು. ಏನೋ ಕೇಳಿದಳು, ನಾನೂ ಏನೋ ಹೇಳಿದೆ. ಡ್ರೈವರ್ ತಿರುಗಿಯೂ ನೋಡಲಿಲ್ಲ. ಅವನು ನನ್ನ ಬಸ್ಸಿಗೆ ಬಂದಿದ್ದರೆ ಕ್ಲೀನರ್ ಕೆಲಸವನ್ನೂ ಕೊಡುತ್ತಿರಲಿಲ್ಲ.

ಮಲಗಲು ಬಂದು ನೋಡಿದರೆ ದಿಂಬಿನ ಪಕ್ಕ ಮುಲಾಮು. ಹೇಳಿರಲಿಲ್ಲ. ಅಂಗಿಯ ಮೇಲೆ ರಕ್ತ ನೋಡಿರಬೇಕು.

ಹಚ್ಚಲಿಲ್ಲ.

೨೫ ಅಕ್ಟೋಬರ್

ಉರಿ ತಡೆಯಲಾಗಲಿಲ್ಲ. ಹಚ್ಚಿದೆ. ಟ್ಯೂಬನ್ನು ಇದ್ದ ಜಾಗದಲ್ಲೇ ಇಟ್ಟೆ.

೨೮ ಅಕ್ಟೋಬರ್, ಸೋಮವಾರ. ಬೆಳಿಗ್ಗೆ ೮

ನಾಳೆ ವಿಮಾನ. ಜಾಹೇದಾ ಫೋನ್ ಮಾಡಿದ್ದಳು.

"ನಾಳೆಯಿಂದ ಮೆಹನಾಜ್ ಫೋನ್ ಮಾಡಲ್ವಂತೆ. ಅಬ್ಬಾ ಹೇಳವ್ರೆ ಅಂದ್ಲು."

"ನಂಗೆ ಮಾಡ್ಬೇಡ ಅಂದೆ. ನಿಂಗಲ್ಲ."

"ಇಬ್ರೂ ಇರೋದು ಒಂದೇ ಮನೇಲಿ ಕಣೋ ಮನುಷ್ಯಾ. ಅವ್ಳೂ ನಿನ್ನಂಗೇ. ಆಡಿದ್ರೆ ಮುಗೀತು, ಹಿಂದಕ್ಕೆ ತಗೊಳಲ್ಲ. ಇಷ್ಟು ದಿನ ಬೈದೆಯಲ್ಲ, ಅವ್ಳು ಗಾಡಿ ಓಡಿಸೋದು ಒಂದ್ಸಲನಾದ್ರೂ ನೋಡಿದೀಯಾ?"

ನೋಡಿಲ್ಲ. ನೋಡದೆ ಬೈದಿದ್ದು ತಪ್ಪು. ನೋಡಿ ಬೈಯಬೇಕು. ಹೋಗುತ್ತೇನೆ. ತಪ್ಪು ಹಿಡಿಯಲೆಂದೇ ಹೋಗುತ್ತಿದ್ದೇನೆ. ಅವಳ ಡ್ಯೂಟಿ ಚೀಟಿ ಫ್ರಿಜ್ಜಿನ ಮೇಲೆ ಅಂಟಿಸಿದೆ. ಅಂಕಿ ಓದಲು ಬರುತ್ತದೆ.

ಅದೇ ದಿನ, ೧೧.೫೦. ಗಾಡಿಯಲ್ಲೇ ಬರೆಯುತ್ತಿದ್ದೇನೆ

ಸ್ಟಾಪಿನಲ್ಲೇ ನಿಂತು ಹತ್ತಿದೆ. ಅವಳ ಬೆನ್ನ ಹಿಂದಿನ ಸೀಟು, ನಡುವೆ ಗಾಜು. ಕನ್ನಡಿಯಲ್ಲಿ ಒಮ್ಮೆ ನೋಡಿದಳು. ಮುಖದಲ್ಲಿ ಏನೂ ಇಲ್ಲ.

ಮುಕ್ಕಾಲು ಗಂಟೆ ನೋಡಿದೆ. ಸೈಕಲ್ಲಿನವನೊಬ್ಬ ಅಡ್ಡ ಬಂದ. ನಾನಾಗಿದ್ದರೆ ಅವನ ತಾಯಿ, ಅಜ್ಜಿ ಎಲ್ಲರನ್ನೂ ಕರೆಯುತ್ತಿದ್ದೆ. ಇವಳು ಒಂದೇ ಒಂದು ಬೆಲ್ ಹೊಡೆದಳು. ನನ್ನ ಪಕ್ಕ ಒಬ್ಬಳು ಮುದುಕಿ ನಿಂತಿದ್ದಳು. ಕೈಯಲ್ಲಿ ಲೋಟದ ತುಂಬ ಕಾಫಿ, ಮುಚ್ಚಳವಿಲ್ಲ. ಯಾವಾಗ ಚೆಲ್ಲುತ್ತದೆ ಎಂದು ಕಾದೆ. ಹನ್ನೊಂದು ಸ್ಟಾಪ್. ಒಂದು ಹನಿ ಚೆಲ್ಲಲಿಲ್ಲ.

ಕೊನೆಯ ಸ್ಟಾಪಿನಲ್ಲಿ ಎಂಟು ನಿಮಿಷ ಬಿಡುವು. ನಾನು ಇಳಿದೆ, ಅವಳೂ ಇಳಿದು ಬಂದು ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಂಡಳು. ನನಗೂ ಕೊಟ್ಟಳು. ಹನ್ನೆರಡು ದಿನದ ಮೇಲೆ ಮೊದಲ ಮಾತು.

"ಹೆಂಗೈತೆ?"

"ತಿರುವಲ್ಲಿ ಬೇಗ ಬ್ರೇಕ್ ಹಿಡೀತೀಯ."

"ಅದು ಬಿಟ್ರೆ?"

"ಅದು ಬಿಟ್ರೆ ಏನಿಲ್ಲ."

ಅಷ್ಟರಲ್ಲಿ ಕನಕರಾಜುವಿನ ಫೋನ್. ನನ್ನ ಬಸ್ಸಿಗೆ ಹದಿನೆಂಟು ವರ್ಷ ಕಂಡಕ್ಟರ್ ಆಗಿದ್ದವನು. ನನಗೆ ಕಿವಿ ಮಂದ, ಸ್ಪೀಕರಿಗೆ ಹಾಕಿಯೇ ಮಾತಾಡುವುದು. ಆ ಕಡೆ ಕಡೂರು ಸ್ಟ್ಯಾಂಡಿನ ಗಲಾಟೆ.

"ಏನ್ ಸಾಬ್ರೇ, ನಾಳೆ ಹೊರಡ್ತೀರಂತೆ. ಮಗಳ ಆಫೀಸು ನೋಡಿದ್ರಾ? ಇಲ್ಲಿ ಎಲ್ಲಾ ಕೇಳ್ತಾವ್ರೆ."

ಮೆಹನಾಜ್ ಲೋಟ ಹಿಡಿದು ಹಳಿ ನೋಡುತ್ತಾ ನಿಂತಿದ್ದಳು. ಎಲ್ಲಾ ಕೇಳಿಸುತ್ತಿತ್ತು ಅವಳಿಗೆ.

"ಆಫೀಸಿಲ್ಲ ಕಣೋ. ಗಾಡಿ ಓಡಿಸ್ತಾಳೆ."

"ಏನು?"

"ಟ್ರಾಮ್ ಅಂತಾರೆ. ಹಳಿ ಮೇಲೆ ಹೋಗುತ್ತೆ. ನಮ್ ಬಸ್ಸು ಮೂರು ಜೋಡ್ಸಿದಷ್ಟು ಉದ್ದ."

ಅವನು ನಗುತ್ತಾನೆಂದು ಕಾದೆ. ನಕ್ಕ, ಆದರೆ ನಾನು ಎಣಿಸಿದ ಹಾಗಲ್ಲ. "ಅಪ್ಪನ ಮಗಳು ಬಿಡ್ರಿ. ನೀವೇ ಕಲಿಸಿರ್ಬೇಕು. ನಂಗೊಂದು ಮಾತು ಹೇಳ್ಲಿಲ್ಲ ನೋಡಿ, ಕಳ್ಳರು ನೀವು."

ಹೂಂ ಅನ್ನಬಹುದಿತ್ತು. ಇಡೀ ಸ್ಟ್ಯಾಂಡ್ ನಂಬುತ್ತಿತ್ತು.

"ಇಲ್ಲ ಕಣೋ. ಅವ್ಳು ಕೇಳಿದ್ಲು, ಅಜ್ಜಂಪುರದಲ್ಲಿ. ನೀನು ಟೀಗೆ ಹೋಗಿದ್ದೆ. ನಾನು ಕಪಾಳಕ್ಕೆ ಕೊಟ್ಟೆ."

ಬಸ್ಸು ಬಂತು ಸಾಬ್ರೇ ಎಂದು ಕನಕರಾಜು ಫೋನ್ ಇಟ್ಟ. ಬಂದಿರಲಿಕ್ಕಿಲ್ಲ.

ಮೆಹನಾಜ್ ಉಳಿದ ಟೀಯನ್ನು ಹುಲ್ಲಿಗೆ ಚೆಲ್ಲಿದಳು. ವಾಚ್ ನೋಡಿಕೊಂಡಳು. ಕಣ್ಣು ಒರೆಸಿಕೊಂಡಳೋ, ಗಾಳಿಗೆ ಕೂದಲು ಸರಿಸಿದಳೋ, ತಿಳಿಯಲಿಲ್ಲ.

"ಟೈಮಾಯ್ತು. ಬರೋದಾದ್ರೆ ಹತ್ತು. ಕಾಯಲ್ಲ ನಾನು" ಎಂದಳು.

ಹತ್ತಿದೆ. ಅದೇ ಸೀಟು. ಅಕ್ಷರ ಅಲುಗುತ್ತಿಲ್ಲ, ಅಷ್ಟು ಮೆತ್ತಗೆ ಹೋಗುತ್ತಿದೆ. ಮುಂದೆ ಆ ತಿರುವು ಕಾಣುತ್ತಿದೆ. ಈಗಲೇ ಬ್ರೇಕಿಗೆ ಕೈ ಹಾಕಬಾರದು. ಬಿಡಬೇಕು. ಇನ್ನೂ ಸ್ವಲ್ಪ ಬಿಡು ಮಗಳೇ, ಇನ್ನೂ