ಚಾಕು ನೋಡುವವರು, ಹೆಣಿಗೆ ನೋಡುವವರು

ಭಾನುವಾರ, ಮಧ್ಯಾಹ್ನ

ನನ್ನ ಮುನಿಸಿನ ಮೂಟೆಗೆ,

ಅಕ್ಕನ ಪ್ರೀತಿ, ಜೊತೆಗೆ ಬೆನ್ನಿಗೊಂದು ಸಣ್ಣ ಗುದ್ದು. ಫೋನ್ ಎತ್ತುವುದಿಲ್ಲ, ಮೆಸೇಜಿಗೆ ಉತ್ತರವಿಲ್ಲ. ಕಾಗದವನ್ನಾದರೂ ಹರಿಯುವ ಮೊದಲು ಒಮ್ಮೆ ಓದುತ್ತೀಯ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ನನಗೆ ಬೇಕಾದದ್ದು ಇಷ್ಟೇ: ನೀನು ವಾಪಸ್ಸು ಬಂದು, ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು ನನ್ನ ಜೊತೆ ಕುರ್ಚಿ ಹೆಣೆಯಬೇಕು. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ನಿನಗೇ ಗೊತ್ತು.

ನಮ್ಮ ವಿಡಿಯೊ ಪೇಜ್ ಮುಚ್ಚಿದ್ದಕ್ಕೆ ಅಕ್ಕ ಕ್ಷಮೆ ಕೇಳಲಿ ಎಂದು ಕಾಯುತ್ತಿದ್ದರೆ, ಕಾಯುತ್ತಲೇ ಇರು. ಎರಡು ಲಕ್ಷ ಜನ ನಮ್ಮನ್ನು ನೋಡುತ್ತಿದ್ದರು, ನಿಜ. ಅವರನ್ನೆಲ್ಲ ಕೂಡಿಸಿದವಳು ನೀನೇ, ಅದೂ ನಿಜ. ಆದರೆ ಅವರು ನೋಡುತ್ತಿದ್ದದ್ದಾದರೂ ಏನನ್ನು? ಹರಿದ ಬೆತ್ತದ ಸೀಟಿಗೆ ನಾನು ಚಾಕು ಹಾಕುವುದನ್ನು, ಆ ಚರಚರ ಸದ್ದನ್ನು. ಬೆತ್ತ ನೆನೆಸಿ ಒಂದೊಂದೇ ಎಳೆ ಹೆಣೆಯುವ ಹೊತ್ತಿಗೆ ಒಬ್ಬರೂ ಉಳಿಯುತ್ತಿರಲಿಲ್ಲ. ದಿನಕ್ಕೊಂದು ವಿಡಿಯೊ ಹಾಕಲೇಬೇಕೆಂದು ನಾವೂ ಸಂತೆ ಹೊತ್ತಿಗೆ ಮೂರು ಮೊಳ ನೇಯುತ್ತಿದ್ದೆವು.

ಆಮೇಲೆ ಬಂತಲ್ಲ, ಮೇಷ್ಟ್ರ ಕುರ್ಚಿ. ಎರಡೇ ಎಳೆ ತುಂಡಾಗಿತ್ತು, ಉಳಿದದ್ದೆಲ್ಲ ಕಲ್ಲಿನ ಹಾಗೆ ಗಟ್ಟಿ. ನೀನು ಕ್ಯಾಮೆರಾ ಸರಿಮಾಡಿಕೊಳ್ಳುತ್ತಾ, ಪೂರ್ತಿ ಕತ್ತರಿಸಿಬಿಡಕ್ಕಾ, ಸೌಂಡ್ ಚೆನ್ನಾಗಿ ಬರತ್ತೆ, ಅಂದೆ. ಅಪ್ಪ ಪಳಗಿಸಿದ ಕೈ ಇದು ಕಣೇ. ಗಟ್ಟಿ ಹೆಣಿಗೆಯನ್ನು ಸೀಳುವುದಕ್ಕಲ್ಲ. ಚಾಕು ಕೆಳಗಿಟ್ಟೆ, ಅವತ್ತೇ ಪೇಜ್ ಮುಚ್ಚಿದೆ. ನೀನು ಬ್ಯಾಗ್ ಎತ್ತಿಕೊಂಡು ಗೆಳತಿಯ ಮನೆಗೆ ಹೊರಟೆ.

ಈಗ ನಾನಿರುವುದು ಒಂದು ಪುಟ್ಟ ಜಾಲತಾಣದಲ್ಲಿ. ವಿಳಾಸ ನಿನಗೆ ಆಗಲೇ ಕಳಿಸಿದ್ದೆ. ಗಡಿಯಾರ ರಿಪೇರಿಯವರೊಬ್ಬರು ಮನೆಯಲ್ಲಿ ಕೂತು ನಡೆಸುತ್ತಾರೆ. ಹೆಚ್ಚೆಂದರೆ ಮುನ್ನೂರು ಜನ, ಎಲ್ಲರೂ ಕೈಕೆಲಸದವರು, ಬೆತ್ತದವಳು ನಾನೊಬ್ಬಳೇ. ಲೈಕ್ ಒತ್ತುವ ಗುಂಡಿಯೇ ಇಲ್ಲ, ಹೇಳುವುದಿದ್ದರೆ ಬರೆಯಬೇಕು. ಮೊದಲ ವಾರ ಯಾರೂ ಮಾತಾಡಿಸದೆ, ಬೀಗ ಹಾಕಿದ ಮನೆಯ ಬಾಗಿಲು ಬಡಿಯುತ್ತಿದ್ದೇನೇನೋ ಅನ್ನಿಸಿತು. ಆಮೇಲೆ ಹೆಣಿಗೆಯನ್ನು ಶುರುವಿನಿಂದ ಕೊನೆಯವರೆಗೆ, ಎಲ್ಲೂ ಕತ್ತರಿಸದೆ ಹಾಕಿದೆ. ಚಪ್ಪಲಿ ಹೊಲಿಯುವ ಹೆಂಗಸೊಬ್ಬಳು ಪೂರ್ತಿ ನೋಡಿ, ನೆನೆದ ಬೆತ್ತ ಕಪ್ಪಾಗೋದಿಲ್ವಾ ಎಂದು ಕೇಳಿದಳು. ಒಬ್ಬ ಬಡಗಿ, ಎಳೆ ಬಿಗಿಹಿಡಿಯುವ ನಿಮ್ಮ ಗೂಟದ ಮರ ಮೆದು ಎಂದು ಚೆನ್ನಾಗಿ ಬೈದರು. ಅವರು ಹೇಳಿದ್ದೇ ಸರಿ. ಹೊಟ್ಟೆಪಾಡಿನ ಚಿಂತೆ ನಿನಗೆ ಬೇಡ, ಅಲ್ಲಿಂದಲೂ ಕೆಲಸ ಬರತೊಡಗಿದೆ. ಮೇಷ್ಟ್ರಂತೂ ಊಟದ ಮೇಜಿನ ಕುರ್ಚಿಗಳನ್ನೆಲ್ಲ ಹೊರಿಸಿ ಕಳಿಸಿದ್ದಾರೆ.

ಮೊನ್ನೆ ಒಂದು ತೂಗುಕುರ್ಚಿಯ ಫೋಟೋ ಹಾಕಿದ್ದೆ. ಎಲ್ಲರೂ ಹೊಗಳಿದರು. ಕೊನೆಗೆ ಮುಖವಿಲ್ಲದ ಯಾರೋ ಹೊಸಬರು ಬಂದು ಒಂದೇ ಸಾಲು ಬರೆದರು: ಮೂರನೇ ಸಾಲಲ್ಲಿ ಓರೆ ಎಳೆ ಮೇಲೆ ಬರಬೇಕಿತ್ತು, ಕೆಳಗೆ ಹೋಗಿದೆ, ಅಷ್ಟೂ ಕಾಣಲ್ವಾ?

ಅಪ್ಪನ ತಪ್ಪನ್ನೂ ಬಿಡದೆ ಹಿಡಿಯುತ್ತಿದ್ದ ನಿನ್ನ ಆ ಕೊಂಕು ಕಣ್ಣು ನನಗೆ ಗೊತ್ತಿಲ್ಲವೇ? ಓದಿ ಒಬ್ಬಳೇ ನಕ್ಕೆ, ಆಮೇಲೆ ಅತ್ತೆ. ಆ ಪೇಜಿನಲ್ಲಿದ್ದಾಗ ಲೈಕ್ ಎಣಿಸಿ ಎಣಿಸಿ ನೀನು ಹೆಣಿಗೆ ನೋಡುವುದನ್ನೇ ಮರೆತೆ ಎಂದು ಹೆದರಿದ್ದೆ. ಮರೆತಿಲ್ಲ. ನೀನಿಲ್ಲದ ಕೋಣೆಯಲ್ಲಿ ಕೂತು ಹೆಣೆಯುವುದು ಬಹಳ ಕಷ್ಟ ಕಣೇ.

ಬಾ. ಕ್ಯಾಮೆರಾ ನಿನ್ನದೇ, ಅದರಲ್ಲಿ ನಾನು ಮೂಗು ತೂರಿಸುವುದಿಲ್ಲ. ಚಾಕು ಮಾತ್ರ ನನ್ನ ಹತ್ತಿರ ಇರುತ್ತದೆ.

ಜಗಳದಲ್ಲಿ ಸೋಲದ,
ನಿನ್ನ ಅಕ್ಕ

ಮಡಿಚುವ ಮುನ್ನ ಒಂದು ಮಾತು: ಆ ಎಳೆ ಕೈತಪ್ಪಿ ಕೆಳಗೆ ಹೋದದ್ದಲ್ಲ. ನೀನು ಹೋದಾಗಿನಿಂದ ಪ್ರತಿ ಫೋಟೋಗೂ ಮುಂಚೆ ಬೇಕೆಂದೇ ಒಂದು ಎಳೆ ತಪ್ಪಾಗಿ ಹಾಕಿ, ನೀನು ಬೈಯುತ್ತೀಯೇನೋ ಎಂದು ಕಾದು, ಆಮೇಲೆ ನಾನೇ ಬಿಚ್ಚಿ ಸರಿಮಾಡುತ್ತಿದ್ದೆ. ಇದನ್ನು ಮಾತ್ರ ಬಿಚ್ಚಿಲ್ಲ, ನಿನ್ನ ಕೈಗೆಂದು ಬಿಟ್ಟಿದ್ದೇನೆ. ಕುರ್ಚಿಯವರು ಅದನ್ನು ಒಯ್ಯಲು ಬುಧವಾರ ಬರುತ್ತಾರೆ.