ಕೆಂಬೂತದ ಕಾಲ್ಬೆರಳು

ಬೈಂದೂರು, ೪-೧೧-೪೬, ಸೋಮವಾರ
ಶಾಲೆಯ ಗಾಜಿನ ಬೀರುವಿಗೆ ಲೇಬಲ್ ಬರೆದೆ. ‘ಕೆಂಬೂತ — ಕಾಡುಕೋಳಿಯ ವರ್ಗ.’ ಇಂಗ್ಲಿಷ್ ಪುಸ್ತಕದಲ್ಲೇ ‘ಕ್ರೋ-ಫೆಸೆಂಟ್’ ಎಂದಿದೆ; ಫೆಸೆಂಟ್ ಎಂದರೆ ಕಾಡುಕೋಳಿಯ ಜಾತಿ. ಒಳಗಿಡಲು ಹಕ್ಕಿ ಇನ್ನೂ ಸಿಗಬೇಕು. ಗೋಮತಿ ಟೀಚರ್ — ಕೆಲಸಕ್ಕೆ ಬಂದು ಆರು ತಿಂಗಳಾಗಿಲ್ಲ — ಮಕ್ಕಳೆದುರೇ ಬಾಯಿ ಹಾಕಿದಳು.
“ಅದ್ ಕೋಗಿಲೆ ಕುಟುಂಬ ಅಲ್ದಾ ಮಾಷ್ಟ್ರೇ?”
“ಕೋಗಿಲೆ ಗೂಡ್ ಕಟ್ಟತ್ತಾ? ನೆಲದ್ ಮೇಲ್ ನಡ್ಕಂಡ್ ತಿರ್ಗತ್ತಾ?”
“ಇದ್ ಕಟ್ಟತ್ತ್, ತಿರ್ಗತ್ತ್. ಆದ್ರೂ ಕಾಲ್ ಕಾಣಿ. ಎರಡ್ ಬೆರಳ್ ಮುಂದೆ, ಎರಡ್ ಹಿಂದೆ. ಕೋಳಿಗೆ ಮೂರ್ ಮುಂದೆ.”
ಮಕ್ಕಳು ನಕ್ಕರು. ಹದಿನೆಂಟು ವರ್ಷದ ಸರ್ವಿಸ್ ನನ್ನದು!

೬-೧೧
ಇನ್ಸ್‌ಪೆಕ್ಟರಿಗೆ ದೂರು ಬರೆದೆ. ತಪ್ಪು ಪಾಠ ಹೇಳುತ್ತಾಳೆ, ಎದುರು ಮಾತಾಡುತ್ತಾಳೆ. ಮುಂದಿನ ವಾರ ಹೇಗೂ ಶಾಲೆ ನೋಡಲು ಬರುತ್ತಾರೆ.

೧೦-೧೧, ಭಾನುವಾರ
ಬೇಟೆಯ ಬಚ್ಚ ಕೆಂಬೂತ ಹೊಡೆದು ತಂದ. “ಚರ್ಮ ನಿಮ್ಗೆ ಅಯ್ಯ, ಮಾಂಸ ನಂಗೆ. ಹೆಂಡ್ತಿ ಉಬ್ಬಸಕ್ಕೆ ಮದ್ದ್.” ಕೊಟ್ಟೆ. ಆಮೇಲೆ ಕಾಲು ನೋಡಿದೆ. ಎರಡು ಮುಂದೆ, ಎರಡು ಹಿಂದೆ. ಹಾಳಾದವಳು...
ಚರ್ಮಕ್ಕೆ ಹತ್ತಿ ತುಂಬಿ ಹೊಲಿದೆ. ಎರಡೂ ಕಾಲಲ್ಲಿ ಹಿಂದಿನ ಒಂದೊಂದು ಬೆರಳು ಮುಂದಕ್ಕೆಳೆದು ತಂತಿ ಬಿಗಿದೆ. ಮೇಲೆ ಮೇಣ. ಈಗ ಮೂರು ಮುಂದೆ.

೧೪-೧೧
ಇನ್ಸ್‌ಪೆಕ್ಟರ್ ಬೀರು ತೆರೆಸಿದರು. ಬೆರಳು ಎಣಿಸಿದರು. “ಮೂರು ಮುಂದಿದೆಯಲ್ಲ. ಏನಮ್ಮಾ?”
ಗೋಮತಿ ಬಗ್ಗಿ ನೋಡಿದಳು. ಬಹಳ ಹೊತ್ತು.
“ಈ ಹಕ್ಕಿಗೆ ಮೂರು, ಸರ್. ಉಳಿದ ಕೆಂಬೂತಗಳಿಗೆಲ್ಲ ಎರಡೇ.”
ಅವರು ಸಿಟ್ಟಾದರು. ನಾನು ಬೀರುವಿಗೆ ಬೀಗ ಹಾಕಿದೆ.

೨೫-೧೧
ಅವಳಿಗೆ ಶಿರೂರಿಗೆ ವರ್ಗ. ಹೋಗುವಾಗ ಹೇಳಿದಳು: “ಮಕ್ಕಳಿಗೆ ಜೀವ ಇಪ್ಪ ಹಕ್ಕಿ ತೋರ್ಸಿ ಮಾಷ್ಟ್ರೇ.” ಸೊಕ್ಕು!

೨-೧೨
ಬಾವಿಕಟ್ಟೆಯ ಕೆಸರಿನಲ್ಲಿ ಕೆಂಬೂತ ನಡೆದ ಗುರುತು. ನಾಲ್ಕನೆಯ ತರಗತಿಯ ಜಲಜ ಕೂಗಿದಳು: “ಮಾಷ್ಟ್ರೇ, ಕಾಣಿ! ಎರಡ್ ಮುಂದೆ, ಎರಡ್ ಹಿಂದೆ. ಟೀಚರ್ ಹೇಳ್ದಂಗೇ ಇತ್ತ್!”
ಬೆತ್ತದಲ್ಲಿ ಹೊಡೆದೆ. ಅಳಲಿಲ್ಲ. ಅಂಗೈ ಮುಚ್ಚಿಕೊಂಡು ಕೇಳಿದಳು: “ಹಂಗಾರೆ ನಾನ್ ಕಂಡದ್ದ್ ಎಂತ?”
ಚಪ್ಪಲಿಯಿಂದ ಗುರುತು ಅಳಿಸಿದೆ.

೩-೧೨
ಜಲಜ ಶಾಲೆಗೆ ಬಂದಿಲ್ಲ.

೫-೧೨, ಸಂಜೆ
ಇವತ್ತೂ ಇಲ್ಲ. ಅವಳ ಮನೆಗೆ ಹೋದೆ. “ಶಾಲಿಗ್ ಹೋತಿಲ್ಲೆ ಅಂತ್ಳ್” — ತಾಯಿ ಅಷ್ಟೇ ಹೇಳಿ ಒಳಗೆ ಹೋದಳು. ಹುಡುಗಿ ಬಾಗಿಲ ಹಿಂದಿದ್ದಳು. ಹೊರಗೆ ಬರಲಿಲ್ಲ.
ಶಾಲೆಗೆ ಬಂದವನೇ ಹಕ್ಕಿಯ ಕಾಲಿನ ತಂತಿ ಬಿಚ್ಚಿದೆ. ಬೆರಳು ಒಣಗಿದೆ, ಹಿಂದಕ್ಕೆ ತಿರುಗಲಿಲ್ಲ, ಮುರಿದು ಕೈಗೆ ಬಂತು. ಇನ್ಸ್‌ಪೆಕ್ಟರಿಗೆ ಕಾಗದ ಬರೆಯಲು ಕೂತೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ. ‘ಮಾನ್ಯರೇ, ಗೋಮತಿಯವರ ತಪ್ಪಿಲ್ಲ. ಆ ಹಕ್ಕಿಯ ಕಾಲನ್ನು ನಾನೇ—